ಲಕ್ಷ ದಾಟಿದ ಗಾಡಿಯ ಗೇರ್‌ಬಾಕ್ಸ್ ಆಯಿಲ್: ಬದಲಿಸಬೇಕೆ, ಹಾಗೇ ಬಿಡಬೇಕೆ?

ಬಳ್ಳಾರಿ, ಸಂಡೂರು, ಸಿಂಧನೂರು, ಗಂಗಾವತಿ ಕಡೆಯ ಮನೆಗಳಿಗೆ ಈಚೆಗೆ ಬರುತ್ತಿರುವ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಆಟೊಮ್ಯಾಟಿಕ್ ಗೇರಿನವೂ ಇವೆ. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಏಳೆಂಟು ವರ್ಷ ಓಡಿ, ಮೀಟರಿನಲ್ಲಿ 1.4 ಲಕ್ಷ ಕಿಲೋಮೀಟರ್ ತೋರಿಸುವ ಇಂಥ ಗಾಡಿಯ ಸರ್ವಿಸ್ ಪುಸ್ತಕವನ್ನು ತೆರೆದರೆ ಎಂಜಿನ್ ಆಯಿಲಿನ ದಾಖಲೆ ಸಿಗುತ್ತದೆ, ಬ್ರೇಕ್ ಪ್ಯಾಡಿನ ದಾಖಲೆ ಸಿಗುತ್ತದೆ. ಗೇರ್‌ಬಾಕ್ಸ್ ಆಯಿಲಿನ ಸುದ್ದಿಯೇ ಇರುವುದಿಲ್ಲ. ಗ್ಯಾರೇಜಿಗೆ ಒಯ್ದು ಕೇಳಿದರೆ ಒಬ್ಬ ಮೇಸ್ತ್ರಿ, “ಅದನ್ನ ಮುಟ್ಟಬ್ಯಾಡ್ರಿ ಸರ, ಹಳೇ ಆಯಿಲ್ ತೆಗೆದ್ರ ಗೇರ್ ಹಿಡಿಯಂಗಿಲ್ಲ” ಎನ್ನುತ್ತಾನೆ. ಮುಂದಿನ ಬೀದಿಯವನು, “ಮಷೀನ್ ಹಚ್ಚಿ ಪೂರ್ತಿ ತೊಳದು ಹೊಸದು ಹಾಕಿಬಿಡೋಣ” ಎನ್ನುತ್ತಾನೆ. ಇಬ್ಬರೂ ಮೀಟರಿನ ಅಂಕಿಯನ್ನು ನೋಡಿ ಮಾತನಾಡುತ್ತಿದ್ದಾರೆ. ನಿರ್ಧಾರ ನಿಂತಿರುವುದು ಆ ಅಂಕಿಯ ಮೇಲಲ್ಲ; ಗೇರ್‌ಬಾಕ್ಸ್ ಇವತ್ತು ಹೇಗೆ ನಡೆದುಕೊಳ್ಳುತ್ತಿದೆ ಮತ್ತು ಒಳಗಿನ ಆಯಿಲ್ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ.

ಭಯ ಎಲ್ಲಿಂದ ಬಂತು

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಅಂದರೆ ಎಟಿಎಫ್, ಬರೀ ಜಾರಿಕೆಗಾಗಿ ಇರುವ ಎಣ್ಣೆಯಲ್ಲ. ಎಂಜಿನ್ನಿನ ಬಲವನ್ನು, ಮ್ಯಾನ್ಯುಯಲ್ ಗಾಡಿಯ ಕ್ಲಚ್ಚಿನ ಜಾಗದಲ್ಲಿ ಕೂರುವ ಟಾರ್ಕ್ ಕನ್ವರ್ಟರಿನ ಮೂಲಕ ಗೇರುಗಳಿಗೆ ದಾಟಿಸುವುದು, ವಾಲ್ವ್ ಬಾಡಿಯ ಸಣ್ಣ ಸಣ್ಣ ಕಾಲುವೆಗಳಲ್ಲಿ ಒತ್ತಡವಾಗಿ ಹರಿದು ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಯುವುದು, ಆ ಪ್ಲೇಟುಗಳು ಒಂದನ್ನೊಂದು ಹಿಡಿಯುವಾಗ ಹುಟ್ಟುವ ಬಿಸಿಯನ್ನು ಕೂಲರಿಗೆ ಹೊತ್ತೊಯ್ಯುವುದು, ಇವೆಲ್ಲ ಅದರದೇ ಕೆಲಸ. ವರ್ಷಗಟ್ಟಲೆ ಬದಲಿಸದೆ ಬಿಟ್ಟಾಗ ಅದರಲ್ಲಿ ಬೆರೆಸಿದ್ದ ರಾಸಾಯನಿಕಗಳು ಸವೆದುಹೋಗುತ್ತವೆ, ಪ್ಲೇಟುಗಳ ಮೇಲ್ಪದರದಿಂದ ಉದುರಿದ ನುಣ್ಣನೆಯ ಪುಡಿ ಅದರಲ್ಲಿ ತೇಲುತ್ತದೆ, ಬಿಸಿಗೆ ಬೆಂದ ಆಯಿಲ್ ಲೋಹದ ಮೇಲೆ ಅಂಟಿನ ಪೊರೆಯಾಗಿ ಕೂರುತ್ತದೆ.

“ಹಳೇ ಆಯಿಲಿನ ಪುಡಿಯೇ ಪ್ಲೇಟಿಗೆ ಹಿಡಿತ ಕೊಡುತ್ತದೆ, ಹೊಸದು ಹಾಕಿದರೆ ಜಾರುತ್ತದೆ” ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಈ ಮಾತನ್ನು ಒಪ್ಪಿದರೂ ಅದರಿಂದ ತಿಳಿಯುವುದು ಇಷ್ಟು: ಪುಡಿಯ ಆಸರೆಯಿಲ್ಲದೆ ಹಿಡಿಯಲಾರದ ಪ್ಲೇಟು ಆಗಲೇ ಸವೆದು ಮುಗಿದಿದೆ. ಇನ್ನೂ ದೊಡ್ಡ ಕಾರಣ ನಮ್ಮ ಜನರ ರೂಢಿಯಲ್ಲಿದೆ. ಗೇರ್ ಸರಿಯಾಗಿ ಬೀಳುತ್ತಿರುವಷ್ಟು ಕಾಲ ಯಾರೂ ಆ ಆಯಿಲನ್ನು ನೆನೆಯುವುದಿಲ್ಲ. ಜಾರತೊಡಗಿದ ಮೇಲೆ ಗ್ಯಾರೇಜಿಗೆ ಓಡುತ್ತಾರೆ, ಅಲ್ಲಿ ಮೊದಲು ಮಾಡುವ ಕೆಲಸ ಆಯಿಲ್ ಬದಲಾವಣೆ, ವಾರದೊಳಗೆ ಗೇರ್‌ಬಾಕ್ಸ್ ನಿಲ್ಲುತ್ತದೆ, ಅಪವಾದ ಹೊಸ ಆಯಿಲಿನ ತಲೆಗೆ ಬರುತ್ತದೆ. ಪ್ರಾಣ ಹೋಗುವಾಗ ಬಾಯಿಗೆ ನೀರು ಬಿಟ್ಟವನನ್ನೇ ದೂರಿದ ಹಾಗೆ ಇದು.

ಹಾಗೆಂದು ಮೇಸ್ತ್ರಿಯ ಅಂಜಿಕೆ ಸುಳ್ಳೆನ್ನಲಾಗದು. ಆಯಿಲ್ ಬದಲಿಸಿದ ಮೇಲೆ ಚೆನ್ನಾಗಿದ್ದ ಗೇರ್‌ಬಾಕ್ಸ್ ಕೆಟ್ಟದ್ದೂ ಉಂಟು. ಆದರೆ ಅಲ್ಲಿ ಕೈಕೊಟ್ಟಿದ್ದು ಸಾಮಾನ್ಯವಾಗಿ ಮೂರರಲ್ಲೊಂದು. ಕಂಪನಿ ಹೇಳಿದ ಆಯಿಲಿನ ಬದಲು ಕೈಗೆ ಸಿಕ್ಕ ಕೆಂಪು ಆಯಿಲ್ ಸುರಿದಿರುತ್ತಾರೆ. ಇಲ್ಲವೆ ಮಟ್ಟವನ್ನು ಅಂದಾಜಿನಲ್ಲಿ ಬಿಟ್ಟಿರುತ್ತಾರೆ. ಇಲ್ಲವೆ ತೊಳೆಯುವ ರಾಸಾಯನಿಕ ಹಾಕಿ, ಮಷೀನಿನಿಂದ ಒತ್ತಡ ಕೊಟ್ಟು, ವರ್ಷಗಳಿಂದ ತಳದಲ್ಲಿ ಕೂತಿದ್ದ ರಾಡಿಯನ್ನೆಲ್ಲ ಒಮ್ಮೆಗೇ ಎಬ್ಬಿಸಿ ವಾಲ್ವ್ ಬಾಡಿಯ ಸಂದಿಗಳಿಗೆ ನುಗ್ಗಿಸಿರುತ್ತಾರೆ. ಅಲಕ್ಷ್ಯಕ್ಕೆ ಒಳಗಾದ ಹಳೆಯ ಗಾಡಿಗೆ ಮಷೀನ್ ಹಚ್ಚಿ ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ತಳದ ನಟ್ ಬಿಚ್ಚಿ ತಾನಾಗಿ ಇಳಿದಷ್ಟನ್ನು ಇಳಿಸಿ, ಅಷ್ಟೇ ಹೊಸದು ತುಂಬಿ, ಕೆಲವು ದಿನ ಓಡಿಸಿ ಮತ್ತೆ ಅದನ್ನೇ ಮಾಡುವ ನಿಧಾನದ ದಾರಿಯೇ ಇಂಥ ಗಾಡಿಗೆ ಸರಿ.

ನಮ್ಮ ಕಡೆಯ ಬಿಸಿಲು ಮತ್ತು ಧೂಳು ಈ ಲೆಕ್ಕವನ್ನು ಇನ್ನಷ್ಟು ಬಿಗಿಮಾಡುತ್ತವೆ. ಆಯಿಲಿನ ಬಿಸಿ ಮಿತಿ ಮೀರಿದ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೂ ಅದರ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನವರ ಸ್ಥೂಲ ಲೆಕ್ಕ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಡೂರು, ತೋರಣಗಲ್ಲು ದಾರಿಯಲ್ಲಿ ಅದಿರಿನ ಲಾರಿಗಳ ಹಿಂದೆ ತೆವಳುವಾಗ ಟಾರ್ಕ್ ಕನ್ವರ್ಟರ್ ಜಾರುತ್ತಲೇ ಇರುವುದರಿಂದ ಬಿಸಿ ಹೆಚ್ಚು ಹುಟ್ಟುತ್ತದೆ, ಗಾಳಿ ಕಡಿಮೆ ಬೀಸುತ್ತದೆ, ಮೇಲಾಗಿ ಕೆಂಪು ಧೂಳು ರೇಡಿಯೇಟರಿನ ರೆಕ್ಕೆಗಳ ನಡುವೆ ಮೆತ್ತಿಕೊಂಡಿರುತ್ತದೆ. ಅನೇಕ ಗಾಡಿಗಳಲ್ಲಿ ಗೇರ್‌ಬಾಕ್ಸ್ ಕೂಲರ್ ಇರುವುದು ರೇಡಿಯೇಟರಿನ ಒಳಗೆ ಅಥವಾ ಅದರ ಮುಂದೆ. ಅದನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ಒತ್ತಡದ ನೀರು ಬಿಟ್ಟು ತೊಳೆಯದೆ, ಬರೀ ಆಯಿಲ್ ಬದಲಿಸಿ ಕುಳಿತರೆ ಹೊಸದೂ ಬೇಗನೆ ಬೇಯುತ್ತದೆ. ಪುಸ್ತಕದಲ್ಲಿ “ಲೈಫ್‌ಟೈಮ್ ಆಯಿಲ್” ಎಂದು ಬರೆದಿದ್ದರೆ ಅದು ಯಾರ ಲೈಫ್‌ಟೈಮ್ ಎಂದು ಕೇಳಿಕೊಳ್ಳಬೇಕು. ಅದೇ ಪುಸ್ತಕದ ಕಠಿಣ ಬಳಕೆಯ ಪುಟದಲ್ಲಿ ಧೂಳು, ವಿಪರೀತ ಬಿಸಿ, ಭಾರ ಎಳೆಯುವ ಗಾಡಿಗಳಿಗೆ ಬೇರೆ ಅವಧಿ ಕೊಟ್ಟಿರುವುದುಂಟು. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳವರು ಓದಬೇಕಾದ್ದು ಆ ಪುಟವನ್ನು.

ಮೊದಲು ಯಾವ ಗೇರ್‌ಬಾಕ್ಸ್ ಎಂದು ತಿಳಿಯಿರಿ

ಕ್ಲಚ್ ಪೆಡಲ್ ಇಲ್ಲದ ಎಲ್ಲ ಗಾಡಿಗಳೂ ಒಂದೇ ಜಾತಿಯವಲ್ಲ. ಸಣ್ಣ ಕಾರುಗಳಲ್ಲಿ ಬರುವ ಎಎಂಟಿ ಎಂಬುದು ಮೂಲದಲ್ಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ ಅಷ್ಟೆ. ಅದಕ್ಕೆ ಬೇಕಾದ್ದು ಮಾಮೂಲಿ ಗೇರ್ ಆಯಿಲ್. ಆ ಯಂತ್ರ ಹೈಡ್ರಾಲಿಕ್ ಆಗಿದ್ದರೆ ಅದರ ದ್ರವ ಬೇರೆ, ಡಬ್ಬಿ ಬೇರೆ. ಸಿವಿಟಿಯಲ್ಲಿ ಲೋಹದ ಬೆಲ್ಟು ಎರಡು ಪುಲ್ಲಿಗಳ ನಡುವೆ ಬಿಗಿಹಿಡಿತದಿಂದಲೇ ಓಡುವುದರಿಂದ ಅದರ ಆಯಿಲ್ ಬೇರೆಯೇ. ಅದಕ್ಕೆ ಎಟಿಎಫ್ ಸುರಿದರೆ ಬೆಲ್ಟು ಜಾರಿ ಪುಲ್ಲಿ ಗೀಚಿಹೋಗುತ್ತದೆ. ಎರಡು ಕ್ಲಚ್ಚಿನ ಗೇರ್‌ಬಾಕ್ಸುಗಳಲ್ಲಿ ಒಣ ಕ್ಲಚ್ಚಿನವು, ಆಯಿಲಿನಲ್ಲಿ ಮುಳುಗಿದವು ಎಂದು ಎರಡು ಬಗೆ. ಮುಳುಗಿದ ಬಗೆಗೆ ಕಂಪನಿಗಳೇ ಬದಲಾವಣೆಯ ಅವಧಿ ಕೊಡುತ್ತವೆ. ಫೋಕ್ಸ್‌ವ್ಯಾಗನ್ ಬಳಗದ ಆರು ಗೇರಿನ ಡಿಎಸ್‌ಜಿಗೆ ಅದು 60,000 ಕಿಲೋಮೀಟರ್. ಮುಂದೆ ಹೇಳುವುದರಲ್ಲಿ ಹೆಚ್ಚಿನದು ಟಾರ್ಕ್ ಕನ್ವರ್ಟರ್ ಇರುವ ಮಾಮೂಲಿ ಆಟೊಮ್ಯಾಟಿಕ್‌ಗೆ ಸಂಬಂಧಿಸಿದ್ದು.

ಪರೀಕ್ಷೆ

ಪರೀಕ್ಷೆಯನ್ನು ಬೆಳಿಗ್ಗೆ, ಗಾಡಿ ರಾತ್ರಿಯೆಲ್ಲ ನಿಂತು ತಣ್ಣಗಿರುವಾಗ ಶುರುಮಾಡಬೇಕು. ಎಂಜಿನ್ ಚಾಲೂ ಮಾಡಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡು, ಗೇರನ್ನು ರಿವರ್ಸಿಗೂ ಆಮೇಲೆ ಡ್ರೈವಿಗೂ ಹಾಕಿ, ಗಾಡಿ ಸಣ್ಣಗೆ ತುಯ್ದು “ಹಿಡಿದೆ” ಎಂದು ತಿಳಿಸಲು ಎಷ್ಟು ಹೊತ್ತು ಹಿಡಿಯುತ್ತದೆಂದು ಎಣಿಸಿ. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಹಿಡಿದರೆ ಚಿಂತೆಯಿಲ್ಲ. ಎರಡು, ಮೂರು ಎಂದು ಎಣಿಸುತ್ತಲೇ ಇರಬೇಕಾಗಿ ಬಂದರೆ ಒಳಗೆ ಒತ್ತಡ ಕಡಿಮೆಯಿದೆ. ಬಳಿಕ ಅರ್ಧ ಗಂಟೆ ಓಡಿಸಿ. ಗೇರ್ ಬದಲಾಗುವಾಗ ಎಂಜಿನ್ ಸುಮ್ಮನೆ ಚೀರಿ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ ಎಂದರ್ಥ. ಹೊಸಪೇಟೆ ದಾರಿಯಂಥ ಸಮತಟ್ಟಾದ ಹೆದ್ದಾರಿಯಲ್ಲಿ 60ರಿಂದ 80ರ ವೇಗದಲ್ಲಿ ಆಕ್ಸಿಲರೇಟರನ್ನು ಹಗುರಾಗಿ ಒತ್ತಿದಾಗ, ರಸ್ತೆಯ ಅಂಚಿನ ಉಬ್ಬು ಪಟ್ಟಿಯ ಮೇಲೆ ಹೋದಂತೆ ನಡುಗಿದರೆ ದೋಷ ಹೆಚ್ಚಾಗಿ ಟಾರ್ಕ್ ಕನ್ವರ್ಟರ್ ಜಾರದಂತೆ ಬಿಗಿಹಿಡಿಯುವ ಲಾಕಪ್ ಕ್ಲಚ್ಚಿನದು. ಈ ನಡುಕ ಹೊಸ ಆಯಿಲಿನಿಂದಲೇ ನಿಲ್ಲುವುದೂ ಉಂಟು. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಗೇರ್‌ಬಾಕ್ಸಿನ ದೋಷದ ಕೋಡುಗಳನ್ನೂ ಓದಿಸಿಬಿಡಿ. ಆಯಿಲಿನ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ಕವಾಟ, ಅಂದರೆ ಸೊಲೆನಾಯ್ಡ್, ಕೆಟ್ಟಿದ್ದರೆ ಆಯಿಲಿನಿಂದ ಅದು ಸರಿಹೋಗುವುದಿಲ್ಲ.

ಆಮೇಲೆ ಆಯಿಲನ್ನು ನೋಡಬೇಕು. ಡಿಪ್‌ಸ್ಟಿಕ್ ಇರುವ ಗಾಡಿಯಾದರೆ ಅದನ್ನು ಎಳೆದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಇಲ್ಲದಿದ್ದರೆ ಗ್ಯಾರೇಜಿನಲ್ಲಿ ಮಟ್ಟದ ಪ್ಲಗ್ಗಿನಿಂದ ಸ್ವಲ್ಪ ಹಿಡಿಸಿ. ಹನಿ ಹರಡಿ ಅಂಚಿನಲ್ಲಿ ಕೆಂಪೋ ತಿಳಿಕಂದೋ ಕಂಡರೆ ಅದಿನ್ನೂ ಬದುಕಿದೆ. ಕಡುಕಂದು ಬಣ್ಣವೊಂದನ್ನೇ ನೋಡಿ ಗಾಬರಿಯಾಗಬೇಕಿಲ್ಲ, ಕೆಲವು ಆಯಿಲುಗಳು ಬೇಗ ಕಂದಾಗುತ್ತವೆ. ಬಣ್ಣಕ್ಕಿಂತ ವಾಸನೆಯ ಸಾಕ್ಷ್ಯ ದೊಡ್ಡದು. ತಳಹಿಡಿದು ಸೀದ ಪಾತ್ರೆಯ ವಾಸನೆ ಮೂಗಿಗೆ ಹೊಡೆದರೆ ಪ್ಲೇಟುಗಳು ಸುಟ್ಟಿವೆ. ಎರಡು ಬೆರಳ ನಡುವೆ ತಿಕ್ಕಿದಾಗ ಮರಳಿನಂತೆ ಚುಚ್ಚಿದರೆ ಲೋಹ ಉದುರುತ್ತಿದೆ. ಹನಿ ರೋಸ್ ಮಿಲ್ಕಿನಂತೆ ಕಂಡರೆ ರೇಡಿಯೇಟರಿನ ಒಳಗಿನ ಕೂಲರ್ ತೂತಾಗಿ ನೀರು ಬೆರೆತಿದೆ. ಆ ಗಾಡಿಯನ್ನು ಚಾಲೂ ಮಾಡದೆ, ಚಕ್ರ ನೆಲದಲ್ಲಿ ಉರುಳದಂತೆ ಇನ್ನೊಂದು ಗಾಡಿಯ ಮೇಲೆ ಹೇರಿಸಿಕೊಂಡು ಹೋಗಬೇಕು, ನೀರು ಪ್ಲೇಟುಗಳ ಅಂಟನ್ನೇ ಬಿಡಿಸುತ್ತದೆ.

ಇಷ್ಟಾದ ಮೇಲೆ ನಿರ್ಧಾರ ಕಷ್ಟವಲ್ಲ. ಗೇರ್ ಸರಿಯಾಗಿ ಬೀಳುತ್ತಿದ್ದು, ಆಯಿಲ್ ಕಪ್ಪಾಗಿದ್ದರೂ ಸೀದ ವಾಸನೆಯಿಲ್ಲದಿದ್ದರೆ, 1.4 ಲಕ್ಷವಿರಲಿ 2 ಲಕ್ಷವಿರಲಿ, ಬದಲಿಸಿ. ಸಣ್ಣ ನಡುಕ, ತುಸು ತಡವಾಗಿ ಬೀಳುವ ಗೇರ್ ಇದ್ದರೂ ಬದಲಿಸುವುದೇ ಲೇಸು, ಆದರೆ ಗುಣವಾಗಬಹುದು ಅಥವಾ ಆಗದಿರಬಹುದು ಎಂದು ಮೇಸ್ತ್ರಿಗೂ ಮನೆಯವರಿಗೂ ಮೊದಲೇ ಹೇಳಿಟ್ಟಿರಿ. ಗೇರ್ ಜಾರುತ್ತಿದ್ದು ಆಯಿಲ್ ಸೀದಿದ್ದರೆ ಮಾತ್ರ ಆಯಿಲಿನ ಮೇಲೆ ಹಣ ಹಾಕುವ ಮುನ್ನ ತಡೆಯಿರಿ. ಹೊಸ ಆಯಿಲ್ ಕೊಲ್ಲುತ್ತದೆ ಎಂದಲ್ಲ, ಸವೆದ ಪ್ಲೇಟನ್ನು ಅದು ಮತ್ತೆ ಬೆಳೆಸುವುದಿಲ್ಲ. ಅಂಥ ಗಾಡಿಯ ಗೇರಿನ ಪೆಟ್ಟಿಗೆಯ ತಳದ ತಟ್ಟೆಯನ್ನು, ಅಂದರೆ ಪ್ಯಾನನ್ನು, ಬಿಚ್ಚಿಸಿ ಒಳಗೇನು ಬಿದ್ದಿದೆ ಎಂದು ನೋಡಿಸಿ, ಬಿಚ್ಚಿ ಕಟ್ಟುವ ಖರ್ಚು ಎಷ್ಟೆಂದು ಕೇಳಿ, ಆ ಹಣ ಗಾಡಿಯ ಬೆಲೆಗೆ ತಕ್ಕುದೇ ಎಂದು ತೂಗಿ ನೋಡುವುದು ಮೊದಲ ಕೆಲಸ.

ಬದಲಿಸುವ ಬಗೆ

ಆಯಿಲಿನ ಹೆಸರನ್ನು ಗಾಡಿಯ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು. ಟೊಯೊಟಾದ ಡಬ್ಲ್ಯುಎಸ್, ಹೋಂಡಾದ ಡಿಡಬ್ಲ್ಯು-1, ಹ್ಯುಂಡೈನ ಎಸ್‌ಪಿ-4 ಇವೆಲ್ಲ ನೋಡಲು ಕೆಂಪಗಿದ್ದರೂ ತೆಳುವಿನಲ್ಲೂ ಹಿಡಿತದ ಗುಣದಲ್ಲೂ ಬೇರೆ ಬೇರೆ. ಎಲ್ಲ ಗಾಡಿಗೂ ಆಗುತ್ತದೆ ಎಂದು ಬರೆದಿರುವ ಡಬ್ಬಿಯನ್ನು ಅಂಗಡಿಯವನು ಮುಂದಿಟ್ಟರೆ, ನಿಮ್ಮ ಪುಸ್ತಕದ ಹೆಸರು ಆ ಡಬ್ಬಿಯ ಹಿಂದಿನ ಪಟ್ಟಿಯಲ್ಲಿ ಇದೆಯೇ ಎಂದಾದರೂ ನೋಡಿ.

ಗಾಡಿ ಸಮತಟ್ಟಾದ ನೆಲದಲ್ಲಿರಬೇಕು. ಜಾಕ್ ಒಂದನ್ನೇ ನಂಬಿ ಕೆಳಗೆ ನುಗ್ಗಬಾರದು. ನಾಲ್ಕೂ ಕಡೆ ಸ್ಟ್ಯಾಂಡ್ ಇರಬೇಕು, ಇಲ್ಲವೆ ಗುಂಡಿಯಿರುವ ಗ್ಯಾರೇಜಿಗೆ ಒಯ್ಯಬೇಕು. ಆಯಿಲ್ ಉಗುರುಬೆಚ್ಚಗಿರುವಾಗ ಚೆನ್ನಾಗಿ ಇಳಿಯುತ್ತದೆ, ದೂರ ಓಡಿಸಿಕೊಂಡು ಬಂದ ಕೂಡಲೆ ಬಿಚ್ಚಿದರೆ ಕೈ ಸುಡುತ್ತದೆ.

ತುಂಬುವ ನಟ್ಟನ್ನು ಮೊದಲು ಬಿಚ್ಚಿ, ಇಳಿಸುವ ನಟ್ಟನ್ನು ಆಮೇಲೆ. ಈ ಒಂದು ಮಾತನ್ನು ನಾನು ಕಷ್ಟಪಟ್ಟು ಕಲಿತೆ. ಸಿರುಗುಪ್ಪದ ಕಡೆ ಗದ್ದೆ ಕೆಲಸಕ್ಕೆ ಓಡಾಡುತ್ತಿದ್ದ ನಮ್ಮ ಮನೆಯ ಹಳೆಯ ಜೀಪಿನ ಗೇರ್ ಆಯಿಲನ್ನು ನಾನೇ ಉತ್ಸಾಹದಿಂದ ಕೆಳಗಿಳಿಸಿದೆ. ಆಯಿಲೆಲ್ಲ ಬಕೆಟ್ಟಿಗೆ ಬಂದ ಮೇಲೆ ಪಕ್ಕದ ತುಂಬುವ ನಟ್ಟಿಗೆ ಪಾನಾ ಹಾಕಿದರೆ ಅದು ಅಲುಗಲಿಲ್ಲ; ವರ್ಷಗಳಿಂದ ಯಾರೂ ತೆಗೆಯದ ಆ ನಟ್ ತುಕ್ಕು ಹಿಡಿದು ಕೂತಿತ್ತು, ನನ್ನ ಬಲಕ್ಕೆ ಅದರ ಮೂಲೆಗಳು ಸವೆದು ಉರುಟಾದವು. ಆಯಿಲ್ ಇಲ್ಲದ ಜೀಪನ್ನು ಓಡಿಸುವಂತಿರಲಿಲ್ಲ. ಕೊನೆಗೆ ವೆಲ್ಡಿಂಗಿನವನನ್ನು ಮನೆಗೇ ಕರೆಸಿ, ಆ ಉರುಟು ತಲೆಯ ಮೇಲೆ ಇನ್ನೊಂದು ನಟ್ ಬೆಸೆಸಿ ತಿರುವಿಸಬೇಕಾಯಿತು. ನಾಟಿಯ ವಾರದಲ್ಲಿ ಎರಡು ದಿನ ಗಾಡಿ ಅಂಗಳದಲ್ಲೇ ನಿಂತಿತು.

ಇಳಿದ ಆಯಿಲನ್ನು ಅಳತೆಯಿರುವ ಕ್ಯಾನಿಗೆ ಹಿಡಿದು ಎಷ್ಟು ಲೀಟರ್ ಎಂದು ಬರೆದುಕೊಳ್ಳಿ. ಪ್ಯಾನ್ ಬಿಚ್ಚುವ ಮಾದರಿಯಾದರೆ ಫಿಲ್ಟರನ್ನೂ ಗ್ಯಾಸ್ಕೆಟನ್ನೂ ಇದೇ ಸಲ ಬದಲಿಸಬೇಕು. ಪ್ಯಾನಿನ ತಳದಲ್ಲಿ ಒಂದೆರಡು ಅಯಸ್ಕಾಂತಗಳು ಅಂಟಿಕೊಂಡಿರುತ್ತವೆ. ಇಡೀ ಗೇರ್‌ಬಾಕ್ಸಿನ ಚರಿತ್ರೆ ಅವುಗಳ ಮೇಲೆ ಬರೆದಿರುತ್ತದೆ. ವಿಭೂತಿಯನ್ನು ಎಣ್ಣೆಯಲ್ಲಿ ಕಲಸಿದಂಥ ನುಣುಪಾದ ಬೂದು ರಾಡಿ ಮೆತ್ತಿದ್ದರೆ ಅದು ಇಷ್ಟು ದೂರ ಓಡಿದ ಗಾಡಿಗೆ ಸಹಜವಾದ ಸವೆತ, ಒರೆಸಿ ಮರಳಿ ಇಟ್ಟರಾಯಿತು. ಉಗುರಿಗೆ ತಾಗುವ ಚೂರು, ಸೂಜಿಯಂಥ ಎಳೆ, ಹಲ್ಲಿನ ತುಣುಕು ಸಿಕ್ಕರೆ ಅದು ಬೇರೆ ಕಥೆ. ಅಂಥ ಗೇರ್‌ಬಾಕ್ಸಿಗೆ ದುಬಾರಿ ಆಯಿಲ್ ತುಂಬುವ ಮುನ್ನ ಕೆಲಸ ನಿಲ್ಲಿಸಿ ಯೋಚಿಸಬೇಕು. ನಟ್ಟುಗಳಿಗೆ ಹೊಸ ವಾಷರ್ ಹಾಕಿ, ಪ್ಯಾನಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಗೇರ್‌ಬಾಕ್ಸಿನ ಮೈ ಅಲ್ಯೂಮಿನಿಯಂ. ಲಾರಿಯ ಚಕ್ರಕ್ಕೆ ಹಾಕುವ ಬಲ ಹಾಕಿದರೆ ಬೋಲ್ಟು ಕೂರುವ ಮರೆ (ಥ್ರೆಡ್) ಕಿತ್ತುಹೋಗುತ್ತದೆ.

ಇಳಿದಷ್ಟೇ ಹೊಸದನ್ನು ತುಂಬಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡು ಪ್ರತಿ ಗೇರಿನಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಪಾರ್ಕಿಗೆ ಮರಳಿ. ಹಳೆಯ ಮಟ್ಟವೇ ತಪ್ಪಿದ್ದಿರಬಹುದಾದ್ದರಿಂದ ಇನ್ನು ಮಟ್ಟ ನೋಡಲೇಬೇಕು, ಹೆಚ್ಚಿನ ತಪ್ಪುಗಳು ಆಗುವುದು ಇಲ್ಲೇ. ಡಿಪ್‌ಸ್ಟಿಕ್ ಇಲ್ಲದ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ, ಆಯಿಲ್ ಒಂದು ನಿಗದಿತ ಬಿಸಿಯಲ್ಲಿರುವಾಗ ಮಟ್ಟದ ಪ್ಲಗ್ ತೆಗೆಯಬೇಕು. ಹೆಚ್ಚಾದದ್ದು ಸಣ್ಣ ಧಾರೆಯಾಗಿ ಹರಿದು, ಧಾರೆ ತೊಟ್ಟಿಕ್ಕುವಿಕೆಗೆ ಇಳಿದಾಗ ಪ್ಲಗ್ ಮುಚ್ಚಬೇಕು. ಅನೇಕ ಮಾದರಿಗಳಿಗೆ ಆ ಬಿಸಿ 35ರಿಂದ 45 ಡಿಗ್ರಿಯ ನಡುವೆ ಇರುತ್ತದೆ, ನಿಮ್ಮ ಮಾದರಿಯದನ್ನು ಪುಸ್ತಕದಲ್ಲಿ ನೋಡಿ ಸ್ಕ್ಯಾನರಿನಲ್ಲಿ ಓದಬೇಕು. ತಣ್ಣನೆಯ ಊರಿನವರಿಗೆ ಹೊಂದುವ ಈ ಲೆಕ್ಕ ನಮ್ಮಲ್ಲಿ ಎಡವುತ್ತದೆ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನ ಬಿಸಿಲಿನಲ್ಲಿ ನಿಂತ ಗಾಡಿಯ ಆಯಿಲ್ ಚಾಲೂ ಮಾಡುವ ಮುನ್ನವೇ 40ರ ಹತ್ತಿರ ಇರುತ್ತದೆ, ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಮಿತಿ ದಾಟುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ ಹೆಚ್ಚು ಹೊರಗೆ ಹರಿದು, ತಣಿದಾಗ ಒಳಗೆ ಕೊರತೆಯಾಗುತ್ತದೆ. ಬೇಸಿಗೆಯಲ್ಲಿ ಈ ಕೆಲಸಕ್ಕೆ ಬೆಳಗಿನ ಆರು ಗಂಟೆಯ ಹೊತ್ತೇ ತಕ್ಕದ್ದು. ಗ್ಯಾರೇಜು ಹತ್ತಕ್ಕೆ ತೆರೆಯುವುದಾದರೆ ಗಾಡಿಯನ್ನು ಹಿಂದಿನ ರಾತ್ರಿಯೇ ನೆರಳಿನಲ್ಲಿ ಬಿಟ್ಟು ಬನ್ನಿ.

ಒಮ್ಮೆ ಇಳಿಸಿದರೆ ಪೂರ್ತಿ ಆಯಿಲ್ ಹೊರಬರುವುದಿಲ್ಲ, ಬಹುಪಾಲು ಟಾರ್ಕ್ ಕನ್ವರ್ಟರಿನಲ್ಲೂ ಕೊಳವೆಗಳಲ್ಲೂ ಉಳಿಯುತ್ತದೆ. ಒಟ್ಟು 8 ಲೀಟರ್ ಹಿಡಿಯುವ ಗೇರ್‌ಬಾಕ್ಸಿನಿಂದ ಪ್ರತಿ ಸಲ 3 ಲೀಟರ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಸಲಕ್ಕೆ ಒಳಗಿರುವುದರಲ್ಲಿ ಶೇಕಡ 38ರಷ್ಟು ಹೊಸದಾಗುತ್ತದೆ, ಎರಡನೆಯ ಸಲಕ್ಕೆ ಶೇಕಡ 61, ಮೂರನೆಯ ಸಲಕ್ಕೆ ಶೇಕಡ 76. ಪ್ರತಿ ಸಲದ ನಡುವೆ 500ರಿಂದ 1,000 ಕಿಲೋಮೀಟರ್ ಓಡಿಸಿ. ಹೊಸ ಆಯಿಲಿನ ಶುಚಿಗುಣ ಹಳೆಯ ಪೊರೆಯನ್ನು ಮೆಲ್ಲಗೆ ಬಿಡಿಸುತ್ತದೆ, ಬಿಟ್ಟದ್ದು ಮುಂದಿನ ಸಲ ಹೊರಗೆ ಹೋಗುತ್ತದೆ. ಮೊದಲ ಸಲದ ನಂತರ ಗೇರ್ ಮೊದಲಿಗಿಂತ ಕೆಟ್ಟಿತೆಂದು ಅನ್ನಿಸಿದರೆ ಮುಂದುವರಿಯಬೇಡಿ, ಮಟ್ಟವನ್ನೂ ಆಯಿಲಿನ ಹೆಸರನ್ನೂ ಇನ್ನೊಮ್ಮೆ ತಪಾಸಣೆ ಮಾಡಿಸಿ.

ಮ್ಯಾನ್ಯುಯಲ್ ಗಾಡಿಯವರಿಗೆ

ಬೊಲೆರೊ, ಕ್ರೂಸರ್, ಟಾಟಾ ಏಸ್ ಇಟ್ಟುಕೊಂಡವರು ಇಷ್ಟೆಲ್ಲ ಯೋಚಿಸಬೇಕಿಲ್ಲ. ಇವುಗಳ ಕ್ಲಚ್ ಪ್ಲೇಟು ಗೇರ್ ಆಯಿಲಿನ ಹೊರಗೆ ಒಣಗಿಯೇ ಇರುವುದರಿಂದ ಹೊಸ ಆಯಿಲಿನಿಂದ ಜಾರುವ ಪ್ರಶ್ನೆಯೇ ಇಲ್ಲ. ಎಷ್ಟೇ ಹಳೆಯ ಗಾಡಿಯಾದರೂ ಬದಲಿಸಿ. ನೋಡಬೇಕಾದ್ದು ಎರಡು. ಪುಸ್ತಕದಲ್ಲಿ ಆಯಿಲಿನ ದರ್ಜೆ ಜಿಎಲ್-4 ಎಂದಿದ್ದರೆ, ಜಿಎಲ್-5 ದೊಡ್ಡ ಸಂಖ್ಯೆಯೆಂಬ ಕಾರಣಕ್ಕೆ ಅದನ್ನು ಸುರಿಯಬಾರದು. ಅದರಲ್ಲಿ ಹೆಚ್ಚಿರುವ ಗಂಧಕ, ರಂಜಕದ ಸಂಯುಕ್ತಗಳು ಗೇರ್ ಸರಾಗವಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಲ್ಲವು. ಇನ್ನೊಂದು, ನೀರು. ಸಿಂಧನೂರು, ಕಾರಟಗಿ, ಗಂಗಾವತಿಯ ಕಾಲುವೆ ಬಯಲಿನಲ್ಲಿ ಗದ್ದೆಯ ನೀರಿಗಿಳಿದ ಬಿಸಿ ಗೇರ್‌ಬಾಕ್ಸ್ ಮತ್ತು ಹಿಂದಿನ ಚಕ್ರಗಳಿಗೆ ಬಲ ಹಂಚುವ ಕ್ರೌನ್ ಹಠಾತ್ತನೆ ತಣಿದಾಗ, ಮೇಲಿನ ಉಸಿರು ಕೊಳವೆ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅಂಥ ಆಯಿಲ್ ಹಾಲು ಬೆರೆತ ಬೂದಿಯಂತೆ ಕಾಣುತ್ತದೆ. ಅವಧಿಗೆ ಕಾಯದೆ ಎರಡರದನ್ನೂ ಇಳಿಸಿ, ಉಸಿರು ಕೊಳವೆಯನ್ನು ಸ್ವಚ್ಛ ಮಾಡಿ. ಹಳೆಯ ಗಾಡಿ ಕೊಳ್ಳುವಾಗ ಇಳಿಸಿದ ಆಯಿಲ್ ಜೇನಿನಷ್ಟು ದಪ್ಪವಾಗಿದ್ದರೆ ಮಾರಿದವನು ಬೇರಿಂಗಿನ ಶಬ್ದ ಅಡಗಿಸಲು ದಪ್ಪದ್ದನ್ನು ಸುರಿದಿದ್ದಾನೋ ಎಂದು ಅನುಮಾನಿಸಿ. ಸರಿಯಾದ ಆಯಿಲ್ ಹಾಕಿದ ಮೇಲೆ ಶಬ್ದ ಕೇಳಿಸಿದರೆ ಅದು ನಿಜವಾದ ಶಬ್ದ.

ಇಳಿಸಿದ ಆಯಿಲನ್ನು ಗೆದ್ದಲಿಗೆಂದು ಬಾಗಿಲ ಚೌಕಟ್ಟಿಗೆ ಬಳಿಯುವುದು, ಕಾಲುವೆಯ ಪಕ್ಕ ಸುರಿಯುವುದು ನಮ್ಮಲ್ಲಿ ಇನ್ನೂ ನಡೆದಿದೆ. ಅದು ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯ; ಕ್ಯಾನಿನಲ್ಲಿ ಮುಚ್ಚಿ, ಹಳೆಯ ಆಯಿಲ್ ಸಂಗ್ರಹಿಸುವವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಿ. ಮನೆಗೆ ಬಂದ ರಾತ್ರಿ ಗೇರ್‌ಬಾಕ್ಸಿನ ಕೆಳಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಕೆಂಪು ಚುಕ್ಕೆ ಕಂಡರೆ, ಆ ದಿನ ಗಾಡಿ ತೆಗೆಯುವ ಮುನ್ನ ವಾಷರನ್ನೂ ಪ್ಯಾನಿನ ಅಂಚನ್ನೂ ನೋಡಿಸಬೇಕು.